ದೇವರ ಕೋಣೆಯ ಧೂಳು

ಒಳ್ಳೆಯದಾಗಲಿ ಎಂದು ನಾನು ಕೈಹಾಕಿದ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬಹರೈನಿನಲ್ಲಿ ಇಪ್ಪತ್ತು ವರ್ಷ ಬಡಗಿ ಕೆಲಸ ಮಾಡಿದ್ದೇನೆ. ಆದರೆ ಇಂಗ್ಲಿಷ್ ಸೀರಿಯಲ್ಲಿನವರು ಬಂದ ಆ ಒಂದು ತಿಂಗಳಲ್ಲಿ ಆದಷ್ಟು ಮತ್ತೆಂದೂ ಆಗಿಲ್ಲ. ನೆನೆದರೆ ಮೊದಲು ನಗು ಬರುತ್ತದೆ, ಅದರ ಹಿಂದೆಯೇ ಮನಸ್ಸು ಚುರ್ ಎನ್ನುತ್ತದೆ.

ಬಾಗಿಲಿಗೆ ಪೆಟ್ಟು

ಬುಸೈತೀನಿನ ಒಂದು ಖಾಲಿ ವಿಲ್ಲಾದಲ್ಲಿ ಶೂಟಿಂಗ್. ಮರದ ಕೆಲಸ ನಮ್ಮ ವರ್ಕ್‌ಶಾಪಿಗೆ ಬಂತು. ನಾನು ಆರು ದಿನ ಕೂತು ತೇಗದ ಬಾಗಿಲು ಮಾಡಿ, ಮುಖ ಕಾಣುವಷ್ಟು ಪಾಲಿಶ್ ಹೊಡೆದೆ. ಸೆಟ್ಟಿನ ಉಸ್ತುವಾರಿ ಒಬ್ಬ ಇಂಗ್ಲಿಷ್ ಮೇಡಮ್ಮಿನದು. ಬಂದರು, ಬಾಗಿಲು ಸವರಿ ನೋಡಿ "ಬಹಳ ಚಂದ" ಎಂದರು, ಚೀಲದಿಂದ ಕಬ್ಬಿಣದ ಸರಪಳಿ ತೆಗೆದು ಬಾಗಿಲಿಗೆ ಬಾರಿಸತೊಡಗಿದರು.

ಪೆಟ್ಟು ನನ್ನ ಬೆನ್ನಿಗೇ ಬಿದ್ದ ಹಾಗಾಯಿತು. ಫೋರ್‌ಮನ್ನರ ಹತ್ತಿರ ಓಡಿದೆ. ಅವರು ಕುಂದಾಪುರದವರು, ಯಾವುದಕ್ಕೂ ಗಾಬರಿಯಾಗುವವರಲ್ಲ.

"ಅವರಿಗೆ ಹಳೇ ಬಾಗಿಲು ಬೇಕಂತೆ ಮಾರಾಯ್ರೆ."

"ಹಾಗಾದರೆ ಹಳತನ್ನೇ ತರಬಹುದಿತ್ತಲ್ಲ?"

"ತಂದಿದ್ದರಂತೆ. ಅದು ಅಷ್ಟು ಹಳತಾಗಿ ಕಾಣಲಿಲ್ಲವಂತೆ!"

ಹೆಸರು ಬರುವ ಸುದ್ದಿ

ನನ್ನ ಮುಖ ನೋಡಿ ಮೇಡಮ್ಮಿಗೂ ಬೇಸರವಾಯಿತೋ ಏನೋ. "ಸೀರಿಯಲ್ಲಿನ ಕೊನೆಯಲ್ಲಿ ಕೆಲಸದವರ ಹೆಸರೆಲ್ಲ ಬರುತ್ತದೆ, ನಿಮ್ಮದೂ ಹಾಕಿಸುತ್ತೇನೆ" ಎಂದು ಫೋರ್‌ಮನ್ನರ ಮೂಲಕ ಹೇಳಿಸಿದರು. ಮರ ಕೊರೆದು ಕೊರೆದು ಕೈ ಸವೆದರೂ ನನ್ನ ಹೆಸರು ಎಲ್ಲೂ ಬಿದ್ದದ್ದಿಲ್ಲ. ಮನೆಯವಳಿಗೆ ಹೇಳಿದೆ. ಅವಳು ಭಜನೆಯ ಹೆಂಗಸರಿಗೆ ಹೇಳಿದಳು. ಸಂಜೆಯೊಳಗೆ ಹಮದ್ ಟೌನಿನಿಂದ ಫೋನು:

"ಅಕ್ಕಾ, ನಿಮ್ಮ ಯಜಮಾನರು ಸೀರಿಯಲ್ಲಿನಲ್ಲಿ ಹೀರೋ ಅಂತೆ ಹೌದಾ?"

"ಹೀರೋ ಅಲ್ಲ ಮಾರಾಯ್ತಿ, ಬಾಗಿಲು."

ಮೂವತ್ತು ವರ್ಷದ ಬೀಗ

ಆ ಕಥೆಯಲ್ಲಿ ಒಬ್ಬ ಹಿಂದೂ ಆಯಾ ಇದ್ದಾಳೆ. ಅವಳು ತೀರಿಕೊಂಡ ಮೇಲೆ ಅವಳ ಕೋಣೆಗೆ ಮೂವತ್ತು ವರ್ಷ ಬೀಗ. ಅವಳು ಸಾಕಿದ ಹುಡುಗ ಮುದುಕನಾಗಿ ಬಂದು ಬಾಗಿಲು ತೆರೆದು ಅಳಬೇಕು. ಕೋಣೆಯೊಳಗಿನ ದೇವರ ಮಂಟಪವನ್ನೂ ನಾನೇ ಮಾಡಿದ್ದು. ಮುದುಕ ಬಾಗಿಲವರೆಗೆ ಬರುವ ಅರ್ಧ ದೃಶ್ಯ ತೆಗೆದಾಗಿತ್ತು, ಬಾಗಿಲು ತೆರೆಯುವುದು ಮರುದಿನಕ್ಕೆ.

ಮರುದಿನ ನಾನು ಸ್ನಾನ ಮಾಡಿ, ಗಂಧ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಹೋದೆ. ನೋಡುತ್ತೇನೆ, ಕೃಷ್ಣನ ಪಟದ ಮೇಲೆ ಬೆರಳು ದಪ್ಪ ಧೂಳು, ಜೇಡರ ಬಲೆ, ಕರಿ ಹಿಡಿದ ದೀಪ, ಒಣಗಿದ ಹೂವು. ಸೆಟ್ಟು ಎಂದು ಬುದ್ಧಿಗೆ ಗೊತ್ತು, ಕೈ ಕೇಳಬೇಕಲ್ಲ! ಬಲೆ ಹೊಡೆದೆ, ಪಟ ಒರೆಸಿದೆ, ದೀಪ ತಿಕ್ಕಿ ಎಣ್ಣೆ ಹಾಕಿ ಹಚ್ಚಿದೆ, ಊದುಬತ್ತಿಯನ್ನೂ ಹಚ್ಚಿಟ್ಟೆ. ನಮ್ಮ ಮನೆಯ ದೇವರಿಗೆಂದು ತಂದಿದ್ದ ಮಲ್ಲಿಗೆಯನ್ನೂ ಅಲ್ಲೇ ಮುಡಿಸಿ, ಕೈಮುಗಿದು, ಬಾಗಿಲು ಎಳೆದುಕೊಂಡು ಚಹಾಕ್ಕೆ ಹೋದೆ.

ಕ್ಯಾಮರಾ ತಿರುಗಿತು. ಮುದುಕ ನಟ ಮೆಲ್ಲಗೆ ಬೀಗ ತೆಗೆದರು, ಬಾಗಿಲು ದೂಡಿದರು, ಅಳುವ ಬದಲು ಊದುಬತ್ತಿಯ ಹೊಗೆಗೆ ನಾಲ್ಕು ಸಲ ಸೀನಿದರು.

"ಮೂವತ್ತು ವರ್ಷ ಬೀಗ ಹಾಕಿದ ಕೋಣೆಯಲ್ಲಿ ದೀಪ ಹಚ್ಚಿದ್ದು ಯಾರು?" ಎಂದು ನಿರ್ದೇಶಕರು ಕೂಗಿದರು.

"ನಮ್ಮ ಊರಿನಲ್ಲಾದರೆ ಭೂತ ಎನ್ನಬಹುದಿತ್ತು" ಎಂದರು ಫೋರ್‌ಮನ್ನರು, ನನ್ನ ಹಣೆಯ ಗಂಧವನ್ನೇ ನೋಡುತ್ತ.

ನಾನು ಬಾಯಿ ಬಿಡದ ಹೊತ್ತು

ಇಲ್ಲಿ ನಗುವುದಕ್ಕೆ ಹೆಚ್ಚೇನಿಲ್ಲ. ಬೈಗುಳ ತಿಂದದ್ದು ಮೇಡಮ್. ಎಲ್ಲರ ಎದುರು ನಿರ್ದೇಶಕರು ಅವರನ್ನು ಝಾಡಿಸುತ್ತಿದ್ದರೆ, ಬೆಂಕಿಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ನಾನು ಸುಮ್ಮನೆ ನಿಂತಿದ್ದೆ. ಹೆಸರು ಹೋದೀತು ಎಂಬ ಹೆದರಿಕೆ. ದೇವರಿಗೆ ದೀಪ ಹಚ್ಚಲು ಕೈ ಬಂತು, ಸತ್ಯ ಹೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಫೋರ್‌ಮನ್ನರನ್ನು ಕರೆದುಕೊಂಡು ಮೇಡಮ್ಮಿನ ಹತ್ತಿರ ಹೋಗಿ ಒಪ್ಪಿಕೊಂಡೆ.

"ಬಾಗಿಲಿಗೆ ಹೊಡೆದದ್ದಕ್ಕೆ ಸೇಡಾ?" ಎಂದರು ಮೇಡಮ್.

"ಅಲ್ಲ. ದೇವರ ಮೇಲಿನ ಧೂಳು ನೋಡಲಿಕ್ಕಾಗಲಿಲ್ಲ."

"ಆ ಧೂಳು ನನ್ನ ಕೆಲಸ. ಎರಡು ದಿನದ್ದು."

ಮುಲ್ತಾನಿ ಮಿಟ್ಟಿಯನ್ನು ಜರಡಿ ಹಿಡಿದು ಉದುರಿಸಿದ ಧೂಳಂತೆ. ಅಂಟನ್ನು ನೂಲಿನಂತೆ ಎಳೆದು ಹೆಣೆದ ಬಲೆಯಂತೆ. ಹೊಳೆಯುವುದು ಮಾತ್ರ ಕೆಲಸ ಎಂದುಕೊಂಡಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಸಂಜೆಯವರೆಗೆ ಅವರು ಮತ್ತೆ ಬಲೆ ಹೆಣೆದರು, ನಾನು ಏಣಿ ಹಿಡಿದು ನಿಂತೆ. ಕೊನೆಗೆ ಫೋರ್‌ಮನ್ನರು ಹೇಳಿದರು: "ಉಸಿರು ಬಿಡುವುದಾದರೂ ಆ ಕಡೆ ತಿರುಗಿ ಬಿಡಿ ಮಾರಾಯ್ರೆ!"

ಪರದೆಯ ಮೇಲೆ

ಕೆಲವು ತಿಂಗಳ ಮೇಲೆ ಸೀರಿಯಲ್ ಬಂತು. ಭಜನೆಯವರು, ಫೋರ್‌ಮನ್ನರು ಎಲ್ಲ ನಮ್ಮ ಫ್ಲ್ಯಾಟಿನಲ್ಲಿ. ನನ್ನ ಬಾಗಿಲು ಕಂಡಿತು, ಧೂಳೂ ಕಂಡಿತು. ಈ ಸಲ ಅದನ್ನು ನೋಡಿ ನನ್ನ ಕಣ್ಣು ಮಂಜಾಯಿತು. ಕೊನೆಯಲ್ಲಿ ಹೆಸರುಗಳು ಓಡತೊಡಗಿದವು. ಮಗಳು ರಿಮೋಟ್ ಒತ್ತಿ ನಿಲ್ಲಿಸಿದಳು.

"ಅಪ್ಪಾ, ನಿಮ್ಮ ನೇಮ್ ಉಂಟು! ಬಟ್ ಕಾರ್ಪೆಂಟರ್ ಅಲ್ಲ. ಸೆಟ್ ಕ್ಲೀನರ್."

ಮೇಡಮ್ ಮಾತು ಉಳಿಸಿಕೊಂಡಿದ್ದರು.

"ಇಪ್ಪತ್ತು ವರ್ಷದಲ್ಲಿ ಈ ಮನೆಯ ಒಂದು ಲೋಟ ತೊಳೆದವರಲ್ಲ, ಅಲ್ಲಿ ಹೋಗಿ ಕ್ಲೀನರ್!" ಎಂದಳು ಮನೆಯವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಎದ್ದೆ. ಚಹಾದ ಲೋಟಗಳನ್ನೆಲ್ಲ ಒಟ್ಟು ಮಾಡಿ, ಸಿಂಕಿಗೆ ಒಯ್ದು ನಲ್ಲಿ ತಿರುಗಿಸಿದೆ.

ಹಾಲಿನಿಂದ ಫೋರ್‌ಮನ್ನರ ಕೂಗು: "ಅಯ್ಯೋ, ನಾನಿನ್ನೂ ಕುಡಿದೇ ಇಲ್ಲ ಮಾರಾಯ್ರೆ!"