ಗುಡ್ಡದ ಬುಡದ ಬುತ್ತಿ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಟೀವಿ ಧಾರಾವಾಹಿಯದೂ ಅಲ್ಲ. ಬುತ್ತಿ ಕಟ್ಟುವ ಚಟ. ಹೊಸ್ತಿಲು ದಾಟಿ ಎರಡು ತಾಸು ಹೊರಗಿರಬೇಕಾದೀತು ಎಂದು ಗೊತ್ತಾದರೆ ಸಾಕು, ನನ್ನ ಕೈ ತಾನಾಗಿಯೇ ಡಬ್ಬಿಗಳ ಗೂಡಿಗೆ ಹೋಗುತ್ತದೆ. ನಾದಿನಿಯ ಮಗಳ ಮದುವೆಗೆ ಹೋದಾಗಲೂ ನನ್ನ ಚೀಲದಲ್ಲಿ ಆರು ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಅಲ್ಲಿ ಊರಿಗೆಲ್ಲ ಸಾಕಾಗುವಷ್ಟು ಅಡುಗೆಯಾಗಿತ್ತು. ಆದರೂ ಅಕಸ್ಮಾತ್ ಸಾಲದೇ ಬಂದರೆ? ಸಾಲದೇ ಬರಲಿಲ್ಲ. ವಾಪಸ್ ಬರುವಾಗ ಆ ರೊಟ್ಟಿಯನ್ನು ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳಿಗೆ ಕೊಟ್ಟೆ. ಆಕೆ ತಿಂದು, "ಕೈಯಾಗ ಬಾಳ ರುಚಿ ಐತ್ರಿ ಅಕ್ಕಾ" ಎಂದಳು. ಹೀಗೆ ಹೇಳುವವರು ಎಲ್ಲಿಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಚಟ ಬಿಡದಿರುವುದು ಅದಕ್ಕೇ. ಇದರಿಂದ ಯಾರಿಗೂ ಕೆಡುಕಾಗಿಲ್ಲವೆಂದು ಮೊನ್ನೆಯವರೆಗೆ ನಂಬಿಕೊಂಡೂ ಇದ್ದೆ.

ಸಿರುಗುಪ್ಪದ ಕಡೆಯ ಕರೂರಿನಿಂದ ನಮ್ಮ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಳ್ಳಾರಿಗೆ ಬಂದು ಮೂರು ವಾರ ನಮ್ಮ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ಜೀವ. ಆಪರೇಷನ್ ಶಿವನ ದಯದಿಂದ ಸಸೂತ್ರ ಆಯಿತು. ಎಷ್ಟು ಸಸೂತ್ರ ಎಂದರೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ಕಂಡದ್ದು ನನ್ನ ಅಡುಗೆಮನೆಯ ಮೂಲೆಯ ಜೇಡರ ಬಲೆಯನ್ನು. ಎರಡನೆಯದಾಗಿ ಕಂಡದ್ದು ಕಿಟಕಿಯಾಚೆಯ ಕೋಟೆ ಗುಡ್ಡವನ್ನು. ಅದನ್ನು ಬಹಳ ಹೊತ್ತು ನೋಡಿ, "ಗುಡ್ಡ ನೋಡಿದ್ರ ನಮ್ಮ ಮಠ ನೆನಪಾಗ್ತೈತಿ ತಂಗಿ" ಎಂದರು.

ನಮ್ಮ ಮಠ ಎಂದರೆ ಕುರುಗೋಡಿನ ಆಚೆ ಗುಡ್ಡದ ಮೇಲಿರುವ ಒಂದು ಸಣ್ಣ ಮಠ. ನಲವತ್ತು ವರ್ಷದ ಹಿಂದೆ ಮಾವ ತೀರಿಕೊಂಡಾಗ ಅತ್ತೆ ಎರಡು ನೇಮ ಹಿಡಿದಿದ್ದರು. ಒಂದು, ಸೋಮವಾರ ಒಪ್ಪತ್ತು: ದಿನಕ್ಕೆ ಒಂದೇ ಊಟ, ಉಂಡು ಕೈ ತೊಳೆದರೆ ಮುಗಿಯಿತು, ಮತ್ತೆ ಮರುದಿನವೇ. ಚಹಾಕ್ಕೆ ಮಾತ್ರ ಶಿವ ವಿನಾಯಿತಿ ಕೊಟ್ಟಿದ್ದಾನೆ. ಇನ್ನೊಂದು, ಪ್ರತಿ ಸುಗ್ಗಿಗೆ ತಮ್ಮ ಗದ್ದೆಯ ಅಕ್ಕಿ ಒಂದು ಚೀಲ ಮಠದ ದಾಸೋಹಕ್ಕೆ. ಮಠದ ಗಾಡಿ ಬಂದು ಒಯ್ಯುತ್ತದೆ. ಎಮ್ಮೆ, ನಾಟಿ, ಬಾಣಂತನ ಎಂದು ಅತ್ತೆಗೆ ಮಾತ್ರ ಅಲ್ಲಿಂದಾಚೆ ಊರು ಬಿಟ್ಟು ಮಠಕ್ಕೆ ಹೋಗಲಾಗಿರಲಿಲ್ಲ.

"ಅಕ್ಕಿ ಹೊಕ್ಕೈತಿ, ನಾ ಹೋಗಿಲ್ಲ" ಎಂದು ನಕ್ಕರು. "ಒಮ್ಮಿ ಆ ಪಂಕ್ತ್ಯಾಗ ಕುಂತು ನಮ್ಮ ಅಕ್ಕಿ ಅನ್ನ ಒಂದ್ ತುತ್ತು ಉಂಡ್ರ ಸಾಕವ್ವಾ. ಮತ್ತೇನಿಲ್ಲ ನಂದು."

"ಅದೇನ್ ದೊಡ್ಡದು ಬಿಡ್ರಿ ಅತ್ತಿ. ಸೋಮವಾರ ಹೋಗಿ ಬರೂಣು" ಎಂದೆ. ಮಂಗಳವಾರ ಅವರು ಊರಿಗೆ ಹೊರಡುವವರಿದ್ದರು. ಸೋಮವಾರ ಶಿವನ ವಾರ, ಮಠಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ದಿನ ಯಾವುದು? ನಾನು ಕಿವುಡಿಯಲ್ಲ, ಅವರು ಹೇಳಿದ್ದೆಲ್ಲ ಕೇಳಿಸಿತ್ತು. ಆದರೆ ಗುಡ್ಡ ಎಂದ ಕೂಡಲೇ ನನ್ನ ತಲೆಯೊಳಗೆ ಬುತ್ತಿ ಬಿಚ್ಚಿಕೊಂಡಿತ್ತು. ಇಬ್ಬರಿಗೆ ಎಷ್ಟು ಬದನೆಕಾಯಿ ಬೇಕು ಎಂದು ಯೋಚಿಸುತ್ತ ಅವರ ಮಾತಿಗೆ ಹೂಂ ಅನ್ನುತ್ತಿದ್ದೆ.

ಸೋಮವಾರ ಬೆಳಗ್ಗೆ ಎಣ್ಣೆಗಾಯಿ ಬದನೆಕಾಯಿ, ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮೊಸರನ್ನ, ಶೇಂಗಾ ಹೋಳಿಗೆ ಎಲ್ಲ ಆದವು. ಡಬ್ಬಿಗಳನ್ನು ನೋಡಿ ನಮ್ಮ ಮನೆಯವರು, "ಗುಡ್ಡದ ಮ್ಯಾಲೆ ಖಾನಾವಳಿ ಇಡಾಕ ಹೊಂಟಿಯೇನ? ಮಠದಾಗ ಊಟ ಹಾಕ್ತಾರಲೇ" ಎಂದರು. "ನಿಮಗ ಗೊತ್ತಾಗಂಗಿಲ್ಲ, ಸುಮ್ಕಿರ್ರಿ" ಎಂದೆ. ಆವತ್ತು ಆ ಮನೆಯಲ್ಲಿ ಗೊತ್ತಿದ್ದವರು ಅವರೊಬ್ಬರೇ ಎಂದು ಈಗ ಬರೆಯುವಾಗಲೂ ಸ್ವಲ್ಪ ಕಷ್ಟವಾಗುತ್ತದೆ.

ದಾರಿಯುದ್ದಕ್ಕೂ ಶಿವ ಕಾಪಾಡಿದ. ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಿಸಿಲಿಗೆ ಅಷ್ಟಿಷ್ಟು ಮೋಡ ಅಡ್ಡ ಬಂತು. ಹೊಸ ಕಣ್ಣಿನಿಂದ ಅತ್ತೆ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದರು. ಕಂಡಕ್ಟರ್ ಕೂಡ ನಕ್ಕ. ಕುರುಗೋಡಿನಲ್ಲಿ ಇಳಿದು ಆಟೋ ಹಿಡಿದು ಗುಡ್ಡದ ಬುಡಕ್ಕೆ ಬಂದಾಗ ಹನ್ನೊಂದೂವರೆ. ಅಲ್ಲೊಂದು ಬೇವಿನ ಮರ, ಅದರ ಕೆಳಗೆ ಕಲ್ಲಿನ ಕಟ್ಟೆ. ಇಂಥ ಕಟ್ಟೆ ಕಂಡರೆ ನನ್ನಂಥವಳ ಗತಿ ಏನು?

"ಅತ್ತಿ, ಕುಂದರ್ರಿ. ಇಲ್ಲೇ ಒಂದೀಟು ಉಂಡು ಹತ್ತೂಣು."

ಅತ್ತೆ ಒಮ್ಮೆ ಮೇಲೆ ನೋಡಿದರು. "ಮ್ಯಾಲೆ ಹೋಗಿ ಉಣ್ಣೂಣೇನು ತಂಗಿ?"

"ಏ, ಮ್ಯಾಲೆ ಎಷ್ಟೊತ್ತಿಗೆ ಆಗ್ತೈತೋ ಏನೋ. ಇಷ್ಟು ಮೆಟ್ಟಲ ಹತ್ತಾಕ ತ್ರಾಣ ಬ್ಯಾಡೇನ್ರಿ? ಮಾತ್ರೀನೂ ತಗೋಬೇಕು. ನಸಕಿನ್ಯಾಗ ಎದ್ದು ಮಾಡೀನಿ, ಆರಿ ಹೊಕ್ಕೈತಿ."

ಆ ಕೊನೆಯ ಮಾತು ಆಡಬಾರದಿತ್ತು. ಮನೆಗೆ ಬಂದ ಹಿರಿಯರನ್ನು ಕಟ್ಟಿಹಾಕಲು ಅದಕ್ಕಿಂತ ಗಟ್ಟಿ ಹಗ್ಗ ಬೇಕಿಲ್ಲ. ಅತ್ತೆ "ಆತು ಬಿಡವ್ವಾ" ಎಂದು ಕೂತರು. ಎರಡು ರೊಟ್ಟಿ, ಮೂರು ಬದನೆಕಾಯಿ ಉಂಡರು. "ಹೆಂಗೈತ್ರಿ?" ಎಂದೆ. "ನಿಮ್ಮವ್ವನ ಕೈರುಚಿ" ಎಂದರು. ನನಗೆ ಗುಡ್ಡ ಹತ್ತುವ ಮೊದಲೇ ದರ್ಶನವಾದಂತಾಯಿತು. ಅವರು ಕೈ ತೊಳೆಯಲು ನಾನೇ ಖುಷಿಯಿಂದ ನೀರು ಹಾಕಿದೆ. ಅದು ಸೋಮವಾರವೆಂದು ನನಗೆ ಗೊತ್ತಿತ್ತು. ಸೋಮವಾರ ಅವರಿಗೆ ಒಪ್ಪತ್ತೆಂದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಎಣ್ಣೆಗಾಯಿಯ ಮುಂದೆ ಹುಟ್ಟಲಿಲ್ಲ.

ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿದೆವು. ದಾರಿಯಲ್ಲಿ ಅತ್ತೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, "ಇದ ಕಡೀ ಸಲ ಕಾಣಸ್ತೈತಿ" ಎಂದರು. ಮೇಲೆ ಗದ್ದುಗೆಗೆ ಕೈ ಮುಗಿದು ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ದಾಸೋಹದ ಗಂಟೆ ಬಾರಿಸಿತು. ಗಡಿಯಾರ ನೋಡಿದೆ: ಒಂದು ಗಂಟೆ. ಒಂದು ನಿಮಿಷ ತಡವಿಲ್ಲ! ಮಠದ ಅಡುಗೆಯವರು, ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ, ಅತ್ತೆ ಕರೂರಿನವರೆಂದು ಕೇಳಿದ್ದೇ, "ಅಯ್ಯ, ಇವತ್ತ ನಿಮ್ಮ ಅಕ್ಕಿನ ಬೇಸಿದ್ದು ನೋಡ್ರಿ ತಾಯಿ! ಬರ್ರಿ, ಮೊದಲನೇ ಎಲಿ ನಿಮ್ಮದ" ಎಂದರು.

ಆಗ ನನ್ನ ತಲೆಯಲ್ಲಿ ಎರಡೂ ಕೂಡಿದವು.

ಅತ್ತೆ ಆ ಎಲೆಯನ್ನು ನೋಡಿದರು. "ಇವತ್ತು ಒಪ್ಪತ್ತಪ್ಪಾ. ಆಗ್ಲೇ ಆಗೇತಿ" ಎಂದರು.

"ಪ್ರಸಾದಕ್ಕ ಎಂಥಾ ಒಪ್ಪತ್ತ್ರಿ? ಒಂದ್ ತುತ್ತು ಬಾಯಿಗೆ ಹಾಕ್ಕೋರಿ."

"ನಲವತ್ತು ವರ್ಸದ ನೇಮಪ್ಪಾ. ಆ ನೇಮದ ಸಂಗಾಟನ ಅಕ್ಕಿನೂ ಇಲ್ಲಿತನ ಬಂದೈತಿ. ಒಂದ್ ಬಿಟ್ಟು ಒಂದ್ ಹೆಂಗ ಉಣ್ಣಲಿ?"

ಅಡುಗೆಯವರು ಅನ್ನದ ಬುಟ್ಟಿ ಎತ್ತಿಕೊಂಡರು. ಅತ್ತೆಯೇ ಸೆರಗು ಸಿಕ್ಕಿಸಿಕೊಂಡು, "ನಾ ಬಡಸ್ಲೇನು?" ಎಂದರು. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ತಮ್ಮ ಗದ್ದೆಯ ಅನ್ನವನ್ನು ತಾವೇ ಬಡಿಸಿದರು. ಮೊದಲನೇ ಎಲೆಗೆ ನನ್ನನ್ನು ಕೂರಿಸಿದ್ದರು. "ನಿನಗೇನು ಒಪ್ಪತ್ತಿಲ್ಲಲ್ಲ. ನನ್ನ ಪಾಲಿಂದು ನೀ ಉಣ್ಣು" ಎಂದು ಒಂದಲ್ಲ, ಮೂರು ಸೌಟು ಹಾಕಿದರು. ಮಠದ ಎಲೆಯಲ್ಲಿ ಅಗುಳು ಬಿಡುವಂತಿಲ್ಲ. ನನ್ನ ಹೊಟ್ಟೆಯಲ್ಲಿ ಆಗಲೇ ಮೂರು ರೊಟ್ಟಿ, ಎರಡು ಹೋಳಿಗೆ ಕಾಲು ಚಾಚಿ ಮಲಗಿದ್ದವು. ಶಿವಶಿವಾ ಎನ್ನುತ್ತ ನೂಕಿದೆ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕೂತಿದ್ದ ಮುದುಕಿ ಭಕ್ತಿಯೆಂದು ತಿಳಿದು ನನಗೂ ಒಮ್ಮೆ ಕೈ ಮುಗಿದಳು.

ನಾವು ಹೊರಟಾಗ ಅಡುಗೆಯವರಿಗೆ ಮನಸ್ಸು ತಡೆಯಲಿಲ್ಲ. "ಡಬ್ಬಿ ಇದ್ರ ಕೊಡ್ರಿ ಅಕ್ಕಾರ. ಒಂದೀಟು ಕಟ್ಟಿ ಕೊಡ್ತೀನಿ, ನಾಳಿ ಮುಂಜಾನೆ ಉಣ್ಣಲಿ" ಎಂದರು. ಚೀಲ ತೆಗೆದೆ. ಐದು ಡಬ್ಬಿ. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಬದನೆಕಾಯಿ, ಒಂದರಲ್ಲಿ ಮೊಸರನ್ನ, ಒಂದರಲ್ಲಿ ಹೋಳಿಗೆ. ಗುರೆಳ್ಳು ಪುಡಿಯ ಪುಟ್ಟ ಡಬ್ಬಿಯೂ ಅರ್ಧ ತುಂಬಿತ್ತು. ಅಡುಗೆಯವರು ನನ್ನ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. ಹೋಳಿಗೆಯನ್ನು ಸೆರಗಿಗಾದರೂ ಕಟ್ಟಿಕೊಂಡೇನೆಂದು ಆ ಡಬ್ಬಿ ಬಿಚ್ಚತೊಡಗಿದ್ದೆ. ಅತ್ತೆ ಕೈ ಹಿಡಿದರು. "ಬ್ಯಾಡ ತಂಗಿ. ಮಠಕ್ಕ ಕೊಟ್ಟದ್ದು ತಿರುಗಿ ಮನಿಗೆ ತರಬಾರದು. ಅದು ಇಲ್ಲೇ ಕುಂತು ಉಣ್ಣೂದು."

ಇಳಿಯುವಾಗ ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತ ಕೇಳಿದರು: "ಹೆಂಗಿತ್ತವ್ವಾ ಅನ್ನ?"

"ಬಾಳ ಚಲೋ ಇತ್ರಿ ಅತ್ತಿ."

"ಉದುರುದುರಾಗಿತ್ತೋ, ಮೆತ್ತಗಾಗಿತ್ತೋ?"

ನೆನಪು ಮಾಡಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ತುಂಬಿದ ಹೊಟ್ಟೆಗೆ ನಾಲಿಗೆ ಇರುವುದಿಲ್ಲ. "ಉದುರುದುರು" ಎಂದೆ. ಗದ್ದುಗೆಯ ವಿಭೂತಿ ಇನ್ನೂ ನನ್ನ ಹಣೆಯ ಮೇಲಿತ್ತು.

ಮರುದಿನ ಅವರನ್ನು ಸಿರುಗುಪ್ಪದ ಬಸ್ಸಿಗೆ ಹತ್ತಿಸಿದೆ. ಎಂಟು ದಿನಕ್ಕೆ ಫೋನ್ ಬಂತು. ಗುಡ್ಡ ಹತ್ತಿದ್ದರಿಂದ ಮೊಣಕಾಲು ಬಾತಿದೆಯಂತೆ. "ಮುಂದಿನ ಸುಗ್ಗಿಗೆ ಬರ್ರಿ ಅತ್ತಿ, ಬುತ್ತಿ ಕಟ್ಟಂಗಿಲ್ಲ, ಆಣಿ" ಎಂದೆ. "ಮಣಕಾಲು ಕೇಳಿ ಹೇಳ್ತೀನಿ" ಎಂದು ನಕ್ಕರು. "ನಿನ್ನ ಬದನಿಕಾಯಿ ಸುದ್ದಿ ಓಣಿಗೆಲ್ಲ ಹೇಳೀನಿ ನೋಡು." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೋದ ವಾರ ಪಕ್ಕದ ಮನೆಯವರ ಜೊತೆ ಊರ ಹೊರಗಿನ ಬೇರೊಂದು ಮಠಕ್ಕೆ ಹೋದೆ. ಡಬ್ಬಿಗಳ ಗೂಡಿನ ಕಡೆ ತಿರುಗಿಯೂ ನೋಡದೆ ಬರಿಗೈಯಲ್ಲಿ ಹೋಗಿ, ಹಸಿದು ಪಂಕ್ತಿಯಲ್ಲಿ ಕೂತೆ. ಅನ್ನ ಬಂತು. ಒಂದೊಂದೇ ಅಗುಳು ನೋಡಿ ಉಂಡೆ: ಸ್ವಲ್ಪ ಮೆತ್ತಗಿತ್ತು, ಹಬೆಯ ವಾಸನೆ ಚೆನ್ನಾಗಿತ್ತು, ಎರಡನೆಯ ತುತ್ತಿಗೆ ಸಿಹಿ ಹತ್ತಿತು. ಇನ್ನು ಯಾರು ಕೇಳಿದರೂ ಸರಿಯಾಗಿ ಹೇಳಬಲ್ಲೆ. ಆದರೆ ಅದು ಬೇರೆ ಮಠ, ಬೇರೆ ಯಾರದೋ ಅಕ್ಕಿ, ಕೇಳುವವರೂ ಯಾರೂ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಮೆಲ್ಲಗೆ, "ಇದರ ಸಂಗಾಟ ನಿಮ್ಮ ಎಣ್ಣಿಗಾಯಿ ಒಂದಿದ್ರ ಹೆಂಗಿರ್ತಿತ್ರಿ!" ಎಂದರು. ಶಿವ ಕ್ಷಮಿಸಲಿ, ನನಗೆ ಸಂತೋಷವಾಯಿತು.