ಮಗಳ ತೂಕವನ್ನು ನಾನು ಸರಿ ಮಾಡಿದ್ದು

ಪುಣೆ ಬಳಿಯ ಭೋಸರಿಯ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೇರಿಂಗನ್ನು ಎತ್ತಿ ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಈ ಕೆಲಸದ ಕೆಟ್ಟ ಗುಣವೆಂದರೆ ಅದು ಸಂಜೆ ನಮ್ಮ ಜೊತೆ ಮನೆಗೂ ಬರುತ್ತದೆ. ಕ್ಯಾಲೆಂಡರ್ ಸೊಟ್ಟಗಿದೆ ಎಂದು ನಾನು, ಗೋಡೆಯೇ ಸೊಟ್ಟಗಿದೆ ಎಂದು ಹೆಂಡತಿ ಕಸ್ತೂರಿ, ಹೀಗೆ ನಮ್ಮ ಸಂಸಾರ ಸಾಗಿತ್ತು. ಏನೇ ಆದರೂ ಅಳತೆಯ ವಿಷಯದಲ್ಲಿ ಮನೆಯಲ್ಲಿ ಕೊನೆಯ ಮಾತು ನನ್ನದೇ. ಎರಡು ವರ್ಷದ ಹಿಂದೆ ಅಂಥದೊಂದು ಕೊನೆಯ ಮಾತು ಆಡಿದೆ. ಆಮೇಲೆ ಆಡಿಲ್ಲ!

ನನ್ನ ಮಗಳು ರೇಣುಕಾ ಬಾಕ್ಸರ್. ಹದಿಮೂರನೇ ವಯಸ್ಸಿಗೆ ಭೋಸರಿಯ ತಗಡಿನ ಶೆಡ್ಡಿನ ಕ್ಲಬ್ಬಿಗೆ ಸೇರಿದಳು. "ಹುಡುಗಿ ಮೂಗು ಮುರಕೊಂಡ್ರ ಯಾರು ಮದವಿ ಆಗ್ತಾರ?" ಎಂದು ನೆಂಟರೆಲ್ಲ ಚಿಂತಿಸಿದರು. ಅವರ ಬಾಯಿಗೆ ಬಿದ್ದು ಮೂಗು ಎರಡು ಸಲ ಮುರಿಯಿತು. ಅವಳು ಮಾತ್ರ ನಿಲ್ಲಿಸಲಿಲ್ಲ. ರಾಜ್ಯಮಟ್ಟದ ಪದಕ ತಂದಳು, ಆಮೇಲೆ ವೃತ್ತಿಪರ ಬಾಕ್ಸಿಂಗಿಗೆ ಇಳಿದಳು. ಎಂಟು ಪಂದ್ಯ ಆಡಿ ಏಳು ಗೆದ್ದಳು. ಇಪ್ಪತ್ತೊಂಬತ್ತು ತುಂಬಿದಾಗ, ಅಂತೂ ಇಂತೂ, ಚಾಂಪಿಯನ್ ಬೆಲ್ಟಿಗಾಗಿ ಆಡುವ ಅವಕಾಶ ಬಂತು. ಅದೂ ಪುಣೆಯಲ್ಲೇ!

"ಈ ವಯಸ್ಸಿಗೆ ಇಂಥಾ ಬಸ್ಸು ಒಮ್ಮೆ ಬರ್ತದ, ತಪ್ಪಿಸ್ಕೋಬ್ಯಾಡ ಅಂದಾರ ಸರ್," ಎಂದಳು. ಸರ್ ಎಂದರೆ ಅವಳ ಮರಾಠಿ ಕೋಚ್.

ಬಾಕ್ಸಿಂಗಿನಲ್ಲಿ ಪಂದ್ಯದ ಹಿಂದಿನ ದಿನ ಇಬ್ಬರನ್ನೂ ತೂಗುತ್ತಾರೆ. ಅವಳ ವರ್ಗಕ್ಕೆ ಐವತ್ತು ಕಿಲೋ ಎಂಟುನೂರು ಗ್ರಾಂ ಮೀರಬಾರದು. ಮೀರಿದರೆ? ಕಸ್ತೂರಿ ಇದನ್ನೇ ಕೇಳಿದಳು.

"ಮೀರಿದ್ರ, ಗೆದ್ದರೂ ಬೆಲ್ಟ್ ಕೊಡೂದಿಲ್ಲವ್ವಾ," ಎಂದಳು ರೇಣುಕಾ.

"ಗೆದ್ದರೂ? ಇದೆಂಥಾ ನ್ಯಾಯ!"

ಕ್ಲಬ್ಬಿನಲ್ಲಿದ್ದ ತೂಗುವ ಡಿಜಿಟಲ್ ಕಾಟಾದ ಮೇಲೆ ಆ ತಿಂಗಳು ಯಾರೋ ಪೈಲವಾನ ಹತ್ತಿ ಅದಕ್ಕೆ ಮುಕ್ತಿ ಕೊಟ್ಟಿದ್ದ. ಹೀಗಾಗಿ ರೇಣುಕಾ ದಿನಾ ಬೆಳಿಗ್ಗೆ ಮನೆಯ ಕಾಟಾದ ಮೇಲೆ ನಿಂತು, ಮುಳ್ಳಿನ ಫೋಟೋ ತೆಗೆದು ಸರ್‌ಗೆ ಕಳಿಸುತ್ತಿದ್ದಳು. ದುಂಡನೆಯ ಮುಖ, ಕೆಂಪು ಮುಳ್ಳು, ಪಕ್ಕದಲ್ಲಿ ಮುಳ್ಳು ಸರಿಪಡಿಸಲು ಒಂದು ಸಣ್ಣ ತಿರುಪು. ಹಳೆಯ ಯಂತ್ರ, ಪಾಪ, ಯಾರಿಗೂ ಕೇಡು ಬಯಸಿದ್ದಲ್ಲ.

ತೂಕಕ್ಕೆ ನಾಲ್ಕು ದಿನ ಇರುವಾಗ, ಸೋಮವಾರ, ಮುಳ್ಳು ಐವತ್ತೊಂದು ಕಿಲೋ ಒಂಬೈನೂರು ತೋರಿಸಿತು.

"ಇಳೀತದ," ಎಂದಳು ರೇಣುಕಾ. "ರೊಟ್ಟಿ ಬಿಟ್ರ, ನೀರು ಕಮ್ಮಿ ಮಾಡಿದ್ರ ಶುಕ್ರವಾರದ ಮಟ ಇಳೀತದ. ಪ್ರತಿ ಸಲ ಇಳಿಸೀನಿ."

ಆಗಲೇ ಹದಿನೈದು ದಿನದಿಂದ ಅವಳ ತಟ್ಟೆಯಲ್ಲಿ ಬೇಯಿಸಿದ ತರಕಾರಿ, ಎರಡು ಮೊಟ್ಟೆಯ ಬಿಳಿ ಭಾಗ. ಗಲ್ಲದ ಎಲುಬು ಕಾಣುತ್ತಿತ್ತು. ನಾವಿಬ್ಬರು ರೊಟ್ಟಿ ಮುರಿಯುವ ಸದ್ದಿಗೆ ಅವಳು ಎದ್ದು ಹೊರಗಿನ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದಳು. ನನ್ನ ಕೈಲಿ ನೋಡಲಾಗಲಿಲ್ಲ. ನಿಜ ಹೇಳಿಬಿಡುತ್ತೇನೆ: ಆ ಕಾಟಾ ತಪ್ಪಾಗಿರಲಿ ಎಂದು ನನ್ನ ಮನಸ್ಸು ಹಂಬಲಿಸುತ್ತಿತ್ತು. ಕ್ವಾಲಿಟಿ ಇನ್‌ಸ್ಪೆಕ್ಟರ್ ಹಂಬಲಿಸಬಾರದು. ಹಂಬಲಿಸಿದೆ.

"ಈ ಕಾಟಾದ ಮ್ಯಾಲ ನನಗ ಸಂಶೆ ಅದ," ಎಂದು ಘೋಷಿಸಿದೆ.

ಕಾರ್ಖಾನೆಯಲ್ಲಿ ಯಾವುದೇ ಉಪಕರಣವನ್ನು ತೂಕ ಗೊತ್ತಿರುವ ವಸ್ತುವಿಟ್ಟು ಪರೀಕ್ಷಿಸುತ್ತೇವೆ. ಮನೆಯಲ್ಲಿ ಅಂಥ ವಸ್ತು ಯಾವುದು? ಮೂಲೆಯಲ್ಲೇ ಕೂತಿತ್ತು! ಇಂಡಿ ತಾಲೂಕಿನ ನಮ್ಮೂರಿನಿಂದ ನನ್ನ ಅಕ್ಕ ವರ್ಷವರ್ಷ ಕಳಿಸುವ ಜೋಳದ ಚೀಲ. ಹಿಂದಿನ ದಿನವಷ್ಟೇ ಬಸ್ಸಿನಲ್ಲಿ ಬಂದಿತ್ತು, ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಮೇಲೆ ಬಣ್ಣದಲ್ಲಿ 50 ಎಂದು ಬರೆದಿತ್ತು. ಮಾರುಕಟ್ಟೆಯ ಎಲೆಕ್ಟ್ರಾನಿಕ್ ಕಾಟಾದಲ್ಲಿ ತೂಗಿಸಿದ ಚೀಟಿಯನ್ನೂ ಚೀಲಕ್ಕೆ ಸಿಕ್ಕಿಸಿದ್ದಳು. ಮಗಳ ತೂಕಕ್ಕೆ ಇಷ್ಟು ಹತ್ತಿರದ ಮಾನದಂಡ ಸರಕಾರಿ ಪ್ರಯೋಗಾಲಯದಲ್ಲೂ ಸಿಗಲಿಕ್ಕಿಲ್ಲ ಎಂದು ಹಿಗ್ಗಿದೆ.

ಚೀಲವನ್ನು ಅಪ್ಪಿಕೊಂಡು ಎತ್ತಿದೆ. ಏಳಲಿಲ್ಲ. ಎಳೆದೆ. ಬಂದು ನನ್ನ ಕಾಲಿನ ಮೇಲೆ ಕೂತಿತು! ಕಸ್ತೂರಿ ಒಂದು ತುದಿ ಹಿಡಿದ ಮೇಲೆ ಹೇಗೋ ಕಾಟಾದ ಮೇಲೆ ನಿಂತಿತು. ಈಗ ಚೀಲದ ಹೊಟ್ಟೆ ಜೋತು ಮುಳ್ಳೇ ಕಾಣದು. ನೆಲದ ಮೇಲೆ ಮಕಾಡೆ ಮಲಗಿ, ಟಾರ್ಚ್ ಹಾಕಿ, ಒಂದು ಕಣ್ಣು ಮುಚ್ಚಿ ಓದಿದೆ. ಐವತ್ತೊಂದು ಕಿಲೋ ಇನ್ನೂರು!

"ಸಿಕ್ಕಿತು!" ಎಂದು ಮಲಗಿದಲ್ಲಿಂದಲೇ ಕೂಗಿದೆ. ಸದರಿ ಯಂತ್ರವು ಒಂದು ಕಿಲೋ ಇನ್ನೂರು ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದು ತೀರ್ಮಾನಿಸಲಾಯಿತು. ತಿರುಪು ತಿರುಗಿಸಿ ಮುಳ್ಳನ್ನು ಸರಿಯಾಗಿ ಐವತ್ತಕ್ಕೆ ತಂದು ನಿಲ್ಲಿಸಲಾಯಿತು.

ಚೀಲ ಇಳಿಸಿದ ಮೇಲೆ ಕಸ್ತೂರಿ ಬಗ್ಗಿ ನೋಡಿದಳು. "ರೀ, ಮ್ಯಾಲ ಏನೂ ಇಲ್ಲ. ಮುಳ್ಳು ಸೊನ್ನಿಗಿಂತ ಹಿಂದ ಹೋಗಿ ಕುಂತದಲ್ರಿ?"

ನಾಲ್ಕನೇ ಕ್ಲಾಸಿನ ಹುಡುಗನೂ ನಿಂತು ಯೋಚಿಸುವ ಪ್ರಶ್ನೆ ಅದು. ನಾನು ನಕ್ಕೆ.

"ಯಾರೂ ನಿಂದರದಾಗ ಎಲ್ಲಿದ್ರೇನು? ನಿಂತಾಗ ಖರೇ ಹೇಳಬೇಕು, ಅಷ್ಟ. ಇಪ್ಪತ್ತೈದು ವರ್ಷ ಇದನ್ನ ಮಾಡೀನಿ."

"ಹಂಗಾರ ನೀವ ಸರಿ ಬಿಡ್ರಿ," ಎಂದು ಅವಳು ಒಲೆಯ ಕಡೆ ಹೋದಳು.

ರೇಣುಕಾ ಹತ್ತಿ ನಿಂತಳು. ಐವತ್ತು ಕಿಲೋ ಏಳುನೂರು. ನೂರು ಗ್ರಾಂ ಕಡಿಮೆಯೇ! ಅವಳ ಮುಖ ಅರಳಿತು. "ನಕ್ಕಿನಾ, ಅಪ್ಪಾ?" ಎಂದು ಒಮ್ಮೆ ಕೇಳಿದಳು. ನಕ್ಕಿ, ಖಚಿತ ಎಂದೆ. ಆ ರಾತ್ರಿ ಮಗಳು ತಾಯಿಯ ಪಕ್ಕ ಕೂತು ಒಂದು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಉಂಡಳು. ಹೊಟ್ಟೆ ತುಂಬ ನೀರು ಕುಡಿದಳು. ಶುಕ್ರವಾರದವರೆಗೂ ಹಾಗೇ ಕಾಯ್ದುಕೊಂಡಳು. ಸರ್‌ಗೆ ದಿನಾ ಫೋಟೋ ಹೋಯಿತು. ಸರ್ ದಿನಾ ಹೆಬ್ಬೆರಳು ಕಳಿಸಿದರು.

ಶುಕ್ರವಾರ ದೊಡ್ಡ ಹೋಟೆಲಿನ ಹಾಲ್‌ನಲ್ಲಿ ತೂಕ. ಎದುರಾಳಿ, ಅಂದರೆ ಆಗಿನ ಚಾಂಪಿಯನ್, ಮೊದಲು ನಿಂತಳು, ಸರಿಯಾಗಿತ್ತು. ಆಮೇಲೆ ರೇಣುಕಾ. ಅಧಿಕಾರಿ ಹುಬ್ಬು ಗಂಟಿಕ್ಕಿ, ತೂಕ ಹೆಚ್ಚಾಗಿದೆ ಎಂದು ಮರಾಠಿಯಲ್ಲಿ ಹೇಳಿದ. "ವಜನ ಜಾಸ್ತ ಆಹೆ."

ಐವತ್ತೊಂದು ಕಿಲೋ ಒಂಬೈನೂರು!

ನಾನು ಜನರನ್ನು ದಾಟಿ ಮುಂದೆ ಹೋದೆ. ನಿಮ್ಮ ಯಂತ್ರವೇ ತಪ್ಪು, ನಾನು ಕ್ವಾಲಿಟಿಯವನು, ಪರೀಕ್ಷಿಸಿ ಬಂದಿದ್ದೇನೆ ಎಂದು ಮರಾಠಿಯಲ್ಲಿ ಭಾಷಣ ಮಾಡಿದೆ. ಅಧಿಕಾರಿ ಒಳ್ಳೆಯವನು. ಸಿಟ್ಟಾಗಲಿಲ್ಲ. ರೇಣುಕಾಗೆ ಕೆಳಗಿಳಿಯಲು ಹೇಳಿ, ಖಾಲಿ ಕಾಟಾ ಕಡೆ ನನಗೆ ಬೆರಳು ತೋರಿಸಿದ. ಅಲ್ಲಿ ಸೊನ್ನೆ ಇತ್ತು. ನನಗೆ ಕಸ್ತೂರಿ ಕೇಳಿದ್ದು ನೆನಪಾಯಿತು.

ಇಳಿಸಲು ಎರಡು ಗಂಟೆ ಕೊಟ್ಟರು. ಮೇ ತಿಂಗಳ ಬಿಸಿಲು. ರೇಣುಕಾ ರಬ್ಬರ್ ಸೂಟ್ ಹಾಕಿಕೊಂಡು ಟೆರೇಸಿನ ಮೇಲೆ ಹಗ್ಗ ಜಿಗಿದಳು. ಕಸ್ತೂರಿ ಅವಳ ಮೂಗುತಿ, ಬೆಂಡೋಲೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು. ನಾನು ಸುಮ್ಮನಿರುತ್ತೇನೆಯೇ? ನಾವು ಬಂದಿದ್ದ ನೆರೆಮನೆಯವರ ಕಾರಿನಲ್ಲಿ ಹೀಟರ್ ಹಚ್ಚಿ ಅವಳನ್ನು ಕೂರಿಸಿದೆ, ಮೇಲ್ವಿಚಾರಣೆಗೆಂದು ನಾನೂ ಮುಂದೆ ಕೂತೆ. ಹತ್ತು ನಿಮಿಷಕ್ಕೆ ನನಗೇ ತಲೆ ಸುತ್ತಿ ಬಾಗಿಲು ತೆರೆದುಬಿಟ್ಟೆ, ಇದ್ದ ಬಿಸಿಯೆಲ್ಲ ಹೊರಗೆ ಹೋಯಿತು! ಅವಳ ಒಣಗಿದ ತುಟಿ ನೋಡಿ, ಅಪ್ಪನ ಬುದ್ಧಿ, ನೀರಿನ ಬಾಟಲಿ ಮುಂದೆ ಹಿಡಿದೆ.

"ಅಪ್ಪಾ," ಎಂದಳು ಅವಳು ಮೆಲ್ಲಗೆ, "ನೀ ಸ್ವಲ್ಪ ದೂರ ಹೋಗಿ ಕುಂದ್ರು."

ಎರಡು ಗಂಟೆಯಲ್ಲಿ ಎಂಟುನೂರು ಗ್ರಾಂ ಇಳಿಸಿದಳು. ಇನ್ನೂ ಮುನ್ನೂರು ಉಳಿಯಿತು.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಚೀಲದಾಗ ಜೋಳ ಎಷ್ಟಿತ್ತು?"

"ಯಾಕೋ, ಕಮ್ಮಿ ಬಿತ್ತೇನು?" ಅಕ್ಕ ಗಾಬರಿಯಾದಳು. "ಐವತ್ತು ತೂಗಿಸಿ ತಂದು, ಹೊಲಿಯೂಕಿಂತ ಮೊದಲ ಐದು ಬೊಗಸಿ ಮ್ಯಾಲ ಹಾಕೀನಲ್ಲೋ! ನಿನಗೊಂದು, ಕಸ್ತೂರಿಗೊಂದು, ಮನಿಗೆ ಬಂದವರಿಗೊಂದು, ದೇವರಿಗೊಂದು, ನನ್ನ ರೇಣುಗೊಂದು. ಒಡಹುಟ್ಟಿದವನ ಮನಿಗೆ ಯಾರರ ತೂಗಿದಷ್ಟ ಕಳಸ್ತಾರೇನು?"

ಯಾರೂ ಕಳಿಸುವುದಿಲ್ಲ. ಇದು ನನಗೆ ಗೊತ್ತಿತ್ತು! ಊರಲ್ಲಿದ್ದಾಗ ಅವ್ವ ಅತ್ತೆಯರ ಮನೆಗೆ ಕಾಳು ಕಳಿಸುವಾಗ, ಬೊಗಸೆ ಹಾಕಲು ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುತ್ತಿದ್ದವನು ನಾನೇ. ಆ ಚೀಲವನ್ನೇ ಮಾನದಂಡ ಮಾಡಿಕೊಂಡೆ. ಪುಣೆಗೆ ಬಂದು ಮೈಕ್ರಾನ್ ಕಲಿತೆ, ಬೊಗಸೆ ಮರೆತೆ.

ಮರುದಿನ ರೇಣುಕಾ ಆಡಿದಳು. ಹತ್ತು ಸುತ್ತು. ಹಿಂದಿನ ದಿನ ಬಿಸಿಲಲ್ಲಿ ಬೆಂದ ಮೈಯಲ್ಲೇ ಆಡಿ ಅಂಕಗಳಲ್ಲಿ ಗೆದ್ದಳು. ರೆಫರಿ ಅವಳ ಕೈ ಎತ್ತಿ ಹಿಡಿದ. ಜನ ಎದ್ದು ನಿಂತು ಕೂಗಿದರು. ಆಮೇಲೆ ನಿಯಮದ ಪ್ರಕಾರ ಬೆಲ್ಟನ್ನು ಅವಳ ಮುಂದಿನಿಂದಲೇ ಸೋತವಳ ಮೂಲೆಗೆ ಒಯ್ದರು. ಆ ಹುಡುಗಿಗೂ ಅದನ್ನು ಹಿಡಿಯಲು ಸಂಕೋಚವಾಗಿತ್ತು.

"ಗೆದ್ದಾಳಲ್ರಿ," ಎಂದು ಕಸ್ತೂರಿ ನನ್ನ ತೋಳು ಅಲ್ಲಾಡಿಸಿದಳು. ನಿಯಮ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

ಮತ್ತೊಂದು ಪಂದ್ಯ ಇಡುತ್ತೇವೆ ಎಂದರು. ಇಡಲಿಲ್ಲ. ಆರು ತಿಂಗಳಿಗೆ ಅವಳ ಭುಜ ಕೈಕೊಟ್ಟಿತು, ಸಾಕು ಎಂದರು ವೈದ್ಯರು. ಈಗ ಅದೇ ತಗಡಿನ ಶೆಡ್ಡಿನಲ್ಲಿ ಹುಡುಗಿಯರಿಗೆ ಕಲಿಸುತ್ತಾಳೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಒಮ್ಮೆ ನಾನೇ ತಡೆಯಲಾರದೆ ತಪ್ಪಾಯಿತು ಎಂದಾಗ, "ಹೋಗ್ಲಿ ಬಿಡಪಾ, ಆ ರೊಟ್ಟಿ ಭಾಳ ರುಚಿ ಇತ್ತು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ನಿವೃತ್ತಿಯ ಸಮಾರಂಭದಲ್ಲಿ, ಇವರ ಕೈಯಿಂದ ಒಂದೂ ತಪ್ಪು ಮಾಲು ದಾಟಿಲ್ಲ ಎಂದು ಮ್ಯಾನೇಜರ್ ಹೊಗಳಿದರು. ಕಸ್ತೂರಿ ನನ್ನ ಮುಖ ನೋಡಿದಳು. ನಾನು ಹಾರ ನೋಡಿಕೊಂಡೆ.

ಕಳೆದ ವಾರ ಅಕ್ಕನ ಚೀಲ ಬಂತು. ಚಟ ಬಿಡುತ್ತದೆಯೇ? ಮುಳ್ಳು ಸೊನ್ನೆಗೆ ತಂದು ಚೀಲ ಇಟ್ಟು ನೋಡಿದೆ. ಸರಿಯಾಗಿ ಐವತ್ತು. ಒಂದು ಕಾಳೂ ಹೆಚ್ಚಿಲ್ಲ! ಜನ್ಮದಲ್ಲಿ ಮೊದಲ ಸಲ ಅಕ್ಕ ನನ್ನ ಮನೆಗೆ ತೂಗಿದಷ್ಟೇ ಕಳಿಸಿದ್ದಳು. ಬೆಲ್ಟ್ ಹೋದ ಕಾರಣ ಈ ವರ್ಷ ಅವಳಿಗೂ ಗೊತ್ತಾಗಿತ್ತು. ನನ್ನ ಹಿಂದೆ ನಿಂತಿದ್ದ ರೇಣುಕಾ ಫೋನ್ ಹಚ್ಚಿದಳು.

"ಅತ್ತೀ, ನನ್ನ ಬೊಗಸಿ ಎಲ್ಲಿ?"

ಅಕ್ಕ ಏನು ಹೇಳಿದಳೋ ಕೇಳಿಸಲಿಲ್ಲ, ಅಳುತ್ತಿದ್ದಳು.

"ಅಳಬ್ಯಾಡ ಅತ್ತೀ. ಬರೋ ವರ್ಷ ಹಾಕು," ಎಂದು ರೇಣುಕಾ ನಕ್ಕಳು. "ಈಗ ನನ್ನ ತೂಕ ಯಾರೂ ಕೇಳಂಗಿಲ್ಲ."

ನಾನು ಚೀಲ ಇಳಿಸಿ, ಮುಳ್ಳು ಎಲ್ಲಿದೆ ಎಂದು ಬಗ್ಗಿ ನೋಡಿದೆ. ಸೊನ್ನೆಯಲ್ಲೇ ಇತ್ತು. ಕಾಟಾ ಸರಿಯಾಗಿತ್ತು. ಮೊದಲಿನಿಂದಲೂ ಸರಿಯಾಗಿಯೇ ಇತ್ತು.