ಗುಳಿಗೆಯ ಪಥ್ಯ

ಗಲಾಟೆಯ ದಿನಗಳಲ್ಲಿ ಊರು ಬಿಟ್ಟು ಓಡುವಾಗ ಗಾಡಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ತೊಗರಿ ದಲಾಲ ಕಲ್ಯಾಣಪ್ಪ, ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡು ಆಳಂದಕ್ಕೆ ಮರಳಿದ್ದ. ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ಗುಳಿಗೆ ಕೊಟ್ಟಿದ್ದರು. ಪಕ್ಕದ ಹಾಸಿಗೆಯವನು, ಮೂಳೆ ಕೂಡಿದ ಮೇಲೂ, ಕಾಲಿನ ಹೆಪ್ಪು ಎದೆಗೇರಿ ಚಹಾ ಕುಡಿಯುತ್ತಲೇ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ.

“ತಪ್ಪಲ ಪಲ್ಯ ಭಾಳ ತಿನಬ್ಯಾಡ್ರಿ, ಗುಳಿಗಿ ಕೆಲಸ ಕೆಡಸ್ತದ” ಎಂದು ಸೊಪ್ಪಿನ ಬಗ್ಗೆ ಎಚ್ಚರಿಸಿದ್ದರು ಡಾಕ್ಟರು. ಈ ಸಂಜೆ ಅವರೇ ಆಳಂದಕ್ಕೆ ಬಂದು ರಕ್ತ ನೋಡುವವರಿದ್ದರು. ಸರಿಯಿಲ್ಲದಿದ್ದರೆ ಮತ್ತೆ ಸೊಲ್ಲಾಪುರ.

ಗುಳಿಗೆ ರಕ್ತವನ್ನು ತೆಳ್ಳಗೆ ಮಾಡುತ್ತದೆಂದು ಹೆಂಡತಿ ಸುಮಿತ್ರಾಬಾಯಿ ಬಾವಿಕಟ್ಟೆಯಲ್ಲಿ ಹೇಳಿದ್ದೇ ತಪ್ಪಾಯಿತು. ನೆರೆಮನೆಯ ಗೌರಾಬಾಯಿ ಪುಂಡಿಸೊಪ್ಪಿನ ಪಲ್ಯದ ಗಡಿಗೆ ಹೊತ್ತು ಬಂದಳು.

“ಯಣ್ಣಾ, ಇದ್ದ ರಕ್ತಾನೂ ನೀರ ಮಾಡ್ಯಾರಲ್ಲ. ಉಣ್ಣು, ಗಟ್ಟಿ ಆಗ್ತದ.”

“ಗಟ್ಟಿ ಆಗಬಾರದಂತನ ಗುಳಿಗಿ ಕೊಟ್ಟಾರವ್ವ.”

“ಗಂಡಸರ ರಕ್ತ ಗಟ್ಟಿ ಇರಬಾರದಂತ ಯಾವ ಡಾಕ್ಟರ ಹೇಳ್ಯಾನ?”

ಅವಳು ಅಡುಗೆಮನೆ ಹೊಕ್ಕಳು. ಬೇಳೆಯ ತಳದಲ್ಲಿ ಸೊಪ್ಪು ಸಿಕ್ಕಿತು, ರೊಟ್ಟಿಯಲ್ಲಿ ಮೆಂತ್ಯ. ಮಧ್ಯಾಹ್ನ, ಅವನ ಅಡತಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಮೌಲಾಲಿ ಬಟ್ಟಲು ತಂದ.

“ಅಮ್ಮಿ ಖಾಸ್ ನಿಮಗಂತ ಮಾಡ್ಯಾಳ್ರಿ.”

ಮೆಂತ್ಯದ ಕಡುಬು. ಮನೆಗೆ ಬಂದಾಗಿನಿಂದ ಅನುಮಾನಿಸುತ್ತ ಚೂರುಪಾರು ತಿನ್ನುತ್ತಿದ್ದ ಕಲ್ಯಾಣಪ್ಪ, ಈಗ ಕರ್ಫ್ಯೂ ದಿನದ ಅಂಗಡಿಯಂತೆ ಬಾಯಿ ಮುಚ್ಚಿಕೊಂಡ. ಮಜ್ಜಿಗೆಯನ್ನೂ ಕೊತ್ತಂಬರಿ ಕಂಡು ದೂಡಿದ. ಸುಮಿತ್ರಾಬಾಯಿ ಗೋಡೆಗೆ ಮುಖ ಮಾಡಿ ಅತ್ತಳು.

ಸಂಜೆ ಡಾಕ್ಟರು ಬೆರಳು ಚುಚ್ಚಿದರು. ರಕ್ತ ಗಾಜಿನ ನಳಿಕೆಯಲ್ಲಿ ಹೆಪ್ಪಾಗಲಿಲ್ಲ. ಬೆರಳಿಗೆ ಸುತ್ತಿದ ಬಟ್ಟೆ ತೊಯ್ದಿತು. ಮೇಲೆ ಸುತ್ತಿದ್ದೂ ತೊಯ್ದಿತು. ಗೆದ್ದೆನೆಂದು ಕಲ್ಯಾಣಪ್ಪ ಹೆಂಡತಿಯತ್ತ ನೋಡಿ ನಕ್ಕ. ಡಾಕ್ಟರು ನಗಲಿಲ್ಲ.

“ಊಟಕ್ಕ ಏನ್ ತಗೋತೀರಿ?”

“ಏನೂ ಇಲ್ರಿ. ತಪ್ಪಲದ ಒಂದ ಎಲೀನೂ ಮುಟ್ಟಿಲ್ಲ.”

“ಭಾಳ ಬ್ಯಾಡ ಅಂದಿದ್ದೆ, ಉಪಾಸ ಇರ್ರಿ ಅಂದಿದ್ನೇನ್ರಿ? ಊಟ ಇಲ್ಲದಿದ್ರ ಗುಳಿಗಿ ಮಿತಿ ಮೀರ್ತದ. ಹಿಂಗ ಬಿಟ್ರ ಒಳಗಿಂದೊಳಗ ರಕ್ತ ಸೋರಿ ಹೋಗ್ತೀರಿ. ಗುಳಿಗಿ ಬಂದ್ ಮಾಡ್ರಿ. ಈಗಿಂದೀಗ ಸೊಲ್ಲಾಪುರಕ್ಕ ನಡೀರಿ.” ಅವರು ಹೆಂಗಸರತ್ತ ತಿರುಗಿದರು. “ಗಾಡಿ ಬರೂತನ ಮನ್ಯಾಗ ತಪ್ಪಲ ಪಲ್ಯ ಇದ್ರ ತಿನಸ್ರಿ.”

ಗೌರಾಬಾಯಿ ಸೆರಗು ಸಿಕ್ಕಿಸಿಕೊಂಡು, ಪುಂಡಿಪಲ್ಯದ ಗಡಿಗೆಯೊಡನೆ ಎದುರಿಗೆ ಬಂದು ಕುಳಿತಳು.

“ಗುಳಿಗಿ ಬಿಟ್ರ ಮತ್ತ ಹೆಪ್ಪುಗಟ್ಟಂಗಿಲ್ಲೇನ್ರಿ?” ಕಲ್ಯಾಣಪ್ಪ ಮೆಲ್ಲಗೆ ಕೇಳಿದ.

“ಗಟ್ಟಬಹುದು,” ಎಂದರು ಡಾಕ್ಟರು, ಕೈ ತೊಳೆಯುತ್ತ.

ಗೌರಾಬಾಯಿ ತುತ್ತು ಕಲಸಿ ಹಿಡಿದಳು. ಕಲ್ಯಾಣಪ್ಪ ಬಾಯಿ ತೆರೆದ.